ನೇತತ್ತೆಯ ಅವಸರ

ನಮ್ಮ ಸಭೆಯಲ್ಲಿ ಪ್ರತಿಯೊಂದು ಪ್ರಾರ್ಥನೆಯೂ ಎರಡು ಸಲ ಮುಗಿಯುತ್ತಿತ್ತು. ಒಂದು, ಪಾಸ್ಟರ್ ನಾಯ್ಫೆಲ್ಡ್ ಅದನ್ನು ಮುಗಿಸಿದಾಗ. ಇನ್ನೊಂದು, ಅದಕ್ಕಿಂತ ತುಸು ಮೊದಲೇ, ಎಡಗಡೆಯ ಮೂರನೆಯ ಬೆಂಚಿನಿಂದ ಅಗನೇತಾ ತೀಸನ್ "ಆಮೆನ್" ಎಂದಾಗ. ಪಾಸ್ಟರು ರೋಗಿಗಳನ್ನು ದಾಟಿ, ವಿಧವೆಯರನ್ನು ದಾಟಿ, ದೂರದೇಶಗಳಲ್ಲಿ ಸುವಾರ್ತೆ ಸಾರುತ್ತಿರುವವರ ಬಳಿ ಇನ್ನೇನು ತಲುಪಬೇಕು ಎನ್ನುವಷ್ಟರಲ್ಲಿ ಆ ಆಮೆನ್ ಬಂದು ಬೀಳುತ್ತಿತ್ತು, ಒಲೆಯ ಮೇಲೆ ಹಾಲಿಟ್ಟು ಬಂದವಳು ಬಾಗಿಲೆಳೆದುಕೊಂಡು ಹೊರಟ ಹಾಗೆ. ಹೊಸದಾಗಿ ಬಂದವರು ಕಣ್ಣು ತೆರೆದು ಸುತ್ತ ನೋಡುತ್ತಿದ್ದರು. ಹಳಬರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಪಾಸ್ಟರು ಮಾತ್ರ ಸುವಾರ್ತೆ ಸಾರುವವರ ಕಡೆಗೆ ಮತ್ತೆ ಹೆಜ್ಜೆ ಹಾಕುತ್ತಿದ್ದರು.

ಸಸ್ಕಾಚೆವಾನ್‌ನ ಗೋಧಿ ಬಯಲಿನ ನಮ್ಮ ಸಣ್ಣ ಊರಿನಲ್ಲಿ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ ಅತ್ತೆಯರೇ. ಅಗನೇತಾ ನಮಗೆಲ್ಲ ನೇತತ್ತೆ. ನಡೆಯುವಾಗ ಅವಳ ತಲೆ ದೇಹಕ್ಕಿಂತ ಒಂದು ಗೇಣು ಮುಂದಿರುತ್ತಿತ್ತು. ತಲೆ ತಲುಪಿದಲ್ಲಿಗೆ ಕಾಲುಗಳು ಏದುಸಿರು ಬಿಡುತ್ತ ಬಂದು ಸೇರುತ್ತಿದ್ದವು. ಅವಳದೊಂದು ಹಸಿರು ಉಣ್ಣೆಯ ಕೋಟು ಇತ್ತು. ಅದಕ್ಕೆ ಆರು ಗುಂಡಿ. ಹಾಕಿದ ಗುಂಡಿಯನ್ನು ಮತ್ತೆ ಬಿಚ್ಚಬೇಕಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಂದನ್ನೂ ಹಾಕಿದ್ದನ್ನು ನಾನು ಕಂಡಿಲ್ಲ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಗಾಳಿಯಲ್ಲೂ ಎದೆಯ ಹತ್ತಿರ ಕೋಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಚಳಿಗೇ ಬೈಯುತ್ತ ಬರುತ್ತಿದ್ದಳು. ಬನ್ನು ಆರುವ ಮೊದಲೇ ತಿಂದು ಅವಳ ನಾಲಿಗೆ ಸದಾ ಸುಟ್ಟಿರುತ್ತಿತ್ತು. ಬೆಳೆದಿದೆಯೋ ಇಲ್ಲವೋ ಎಂದು ನೋಡಲು ಕ್ಯಾರೆಟ್ಟನ್ನು ಕಿತ್ತು, ನೋಡಿ, ಮತ್ತೆ ಮಣ್ಣಿಗೆ ತುರುಕುತ್ತಿದ್ದಳು. ನಾವು ಆಡಹೊರಟ ಮಾತನ್ನು ಅವಳೇ ಮುಗಿಸುತ್ತಿದ್ದಳು, ಬಹಳಷ್ಟು ಸಲ ತಪ್ಪಾಗಿ. ಅವಳನ್ನು ತಿದ್ದುವುದಕ್ಕಿಂತ ನಮ್ಮ ಅಭಿಪ್ರಾಯವನ್ನೇ ಬದಲಿಸಿಕೊಳ್ಳುವುದು ಸುಲಭವಾಗಿತ್ತು.

ಇಂಥವಳಿಗೆ ದೇವರು ಕಾಯುವ ಕೆಲಸ ಕೊಟ್ಟ. ನಮ್ಮ ಸಭೆಯಲ್ಲಿ ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ಕೂರಬಲ್ಲ ಹೆಂಗಸರು ಕನಿಷ್ಠ ಹನ್ನೆರಡು ಮಂದಿಯಾದರೂ ಇದ್ದರು. ಅವರನ್ನೆಲ್ಲ ಬಿಟ್ಟು ಇವಳನ್ನೇ ಆರಿಸಿದ್ದು ಏಕೆ ಎಂಬುದು ನನಗೆ ಇಂದಿಗೂ ತಿಳಿಯದು.

ಅವಳ ಪ್ರಾರ್ಥನೆ ಒಂದೇ ಒಂದು: ಗಂಡ ಕೊರ್ನೀಲಿಯಸ್ ಸಭೆಯ ಬಾಗಿಲು ದಾಟಿ ಒಳಗೆ ಬರಬೇಕು. ಕೊರ್ನೀ ಮಾವ ಪ್ರತಿ ಭಾನುವಾರ ಅವಳನ್ನು ತಾನೇ ಕರೆತಂದು, ಮೆಟ್ಟಿಲ ಬಳಿ ಇಳಿಸಿ, ಅಂಗಳದ ಉತ್ತರದ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಆರಾಧನೆ ಮುಗಿಯುವವರೆಗೆ ಹೊರಗೇ ಕೂತಿರುತ್ತಿದ್ದ. ಮೊದಲು ಕುದುರೆ ಗಾಡಿಯಲ್ಲಿ, ಆಮೇಲೆ ಹಳೆಯದೊಂದು ಕಾರಿನಲ್ಲಿ, ಕೊನೆಗೆ ನೀಲಿ ಟ್ರಕ್ಕಿನಲ್ಲಿ. ಗಾಡಿ ಬದಲಾಯಿತು, ಗಾಡಿಯಲ್ಲಿ ಕೂತವನು ಬದಲಾಗಲಿಲ್ಲ. ಹುರಿದ ಸೂರ್ಯಕಾಂತಿ ಬೀಜಗಳನ್ನು ಹಲ್ಲಿನಲ್ಲಿ ಒಡೆದು ಸಿಪ್ಪೆಯನ್ನು ಕಿಟಕಿಯಿಂದಾಚೆ ಉಗಿಯುತ್ತ ಕೂರುತ್ತಿದ್ದ ಅವನ ಟ್ರಕ್ಕಿನ ಪಕ್ಕದಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ, ಹಿಮದ ಮೇಲೆ ಸಿಪ್ಪೆಯ ಸಣ್ಣದೊಂದು ದಿಬ್ಬವೇ ಎದ್ದಿರುತ್ತಿತ್ತು. ಕುಡುಕನಲ್ಲ, ನಾಸ್ತಿಕನಲ್ಲ. ಊಟಕ್ಕೆ ಮುಂಚೆ ತಲೆ ಬಾಗಿಸುತ್ತಿದ್ದ. ಒಳಗೆ ಮಾತ್ರ ಬರುತ್ತಿರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಯಾರೂ ಅದನ್ನು ಆಡುತ್ತಿರಲಿಲ್ಲ. ಆಯುಧ ಹಿಡಿಯದಿರುವುದು ನಮ್ಮ ಜನರ ಶತಮಾನಗಳ ವ್ರತ; ಅದನ್ನು ಉಳಿಸಿಕೊಳ್ಳಲೆಂದೇ ನಮ್ಮ ಅಜ್ಜಂದಿರು ದೇಶದಿಂದ ದೇಶಕ್ಕೆ ಗಂಟುಮೂಟೆ ಹೊತ್ತವರು. ದೊಡ್ಡ ಯುದ್ಧದ ಕಾಲದಲ್ಲಿ ಕೊರ್ನೀ ಮಾವನ ತಮ್ಮ ಪೀಟರ್ ಸೈನ್ಯಕ್ಕೆ ಸೇರಿದ. ಸಭೆ ಅವನ ಹೆಸರನ್ನು ಸದಸ್ಯರ ಪುಸ್ತಕದಿಂದ ಹೊಡೆದುಹಾಕಿತು. ಎರಡು ವರ್ಷದ ಬಳಿಕ, ಸಾವಿರದ ಒಂಬೈನೂರ ನಲವತ್ನಾಲ್ಕರ ಡಿಸೆಂಬರಿನಲ್ಲಿ, ಪೀಟರ್ ಇಟಲಿಯಲ್ಲಿ ಸತ್ತನೆಂದು ಪತ್ರ ಬಂತು. ತಮ್ಮನಿಗಾಗಿ ಒಂದು ಸ್ತೋತ್ರ, ಒಂದು ಪ್ರಾರ್ಥನೆ, ಅಷ್ಟನ್ನು ಕೊರ್ನೀ ಮಾವ ಹಿರಿಯರಲ್ಲಿ ಕೇಳಿದ. ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಸಭೆಯಲ್ಲಿ ಪ್ರಾರ್ಥನೆ ಇಲ್ಲ ಎಂದರು ಆಗಿನ ಹಿರಿಯರಾದ ಡೇವಿಡ್ ಹೀಬರ್ಟ್. ಅವರು ನೇತತ್ತೆಯ ತಂದೆ. ಅವಳಿಗೆ ಮದುವೆಯಾಗಿ ಆಗ ಎಂಟು ತಿಂಗಳು.

"ನಿನ್ನನ್ನ ಪ್ರತಿ ವಾರ ತಂದು ಬಿಡ್ತೀನಿ. ನನ್ನನ್ನ ಕರೀಬೇಡ," ಎಂದು ಅವನು ಹೇಳಿದನಂತೆ. ಎರಡರಲ್ಲೂ ಮಾತಿಗೆ ತಪ್ಪಲಿಲ್ಲ.

ಬುಧವಾರದ ಪ್ರಾರ್ಥನಾ ಕೂಟದಲ್ಲಿ ಉಳಿದವರು ದೇವರನ್ನು ಸ್ತುತಿಸಿ, ಕ್ಷಮೆ ಬೇಡಿ, ಮೆಲ್ಲಗೆ ವಿಷಯಕ್ಕೆ ಬರುತ್ತಿದ್ದರು. ನೇತತ್ತೆ ನೇರವಾಗಿ ಬರುತ್ತಿದ್ದಳು.

"ಕರ್ತನೇ, ನಾನು ಅಗನೇತಾ. ಹೋದ ಬುಧವಾರ ಹೇಳಿದ್ದೇ ಈ ಬುಧವಾರಾನೂ. ಅವನಿನ್ನೂ ಟ್ರಕ್ಕಲ್ಲೇ ಇದಾನೆ. ನಿನಗೂ ಕಾಣ್ತಿದೆ, ನನಗೂ ಕಾಣ್ತಿದೆ. ಆಮೆನ್."

ಪಾಸ್ಟರು ಒಮ್ಮೆ ತಾಳ್ಮೆಯ ಬಗ್ಗೆ ನಾಲ್ಕು ವಾರದ ಪ್ರಸಂಗಮಾಲೆಯನ್ನು ಆರಂಭಿಸಿದರು. ಯಾರಿಗಾಗಿ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಮೂರನೆಯದು ಮುಗಿದ ಮೇಲೆ ಬಾಗಿಲಲ್ಲಿ ಕೈಕುಲುಕುವಾಗ ಅವಳು, "ಚೆನ್ನಾಗಿತ್ತು ಪಾಸ್ಟರ್. ನಾಲ್ಕನೇದು ಬೇಕಾ?" ಎಂದು ಕೇಳಿದಳು.

"ನೇತಾ, ಕರ್ತನ ಸಮಯ ಬೇರೆ, ನಮ್ಮ ಸಮಯ ಬೇರೆ," ಎಂದರು ಅವರು.

"ಅದೇ ನಾನೂ ಹೇಳ್ತಿರೋದು. ಅವನ ಹತ್ರ ಬೇಕಾದಷ್ಟು ಸಮಯ ಇದೆ. ಕೊರ್ನೀ ಹತ್ರ ಇಲ್ಲ. ಡಾಕ್ಟರು ಅವನ ಎದೆ ಮೇಲೆ ಕೊಳವೆ ಇಟ್ಟು ಕೇಳಿ, ಇನ್ನೊಂದು ವರ್ಷ ನಡೆದ್ರೆ ಹೆಚ್ಚು ಅಂದಿದಾರೆ. ಸ್ವರ್ಗದ ಬಂಗಾರದ ಬೀದಿ ನಂಗೆ ಬೇಕಾಗಿಲ್ಲ ಪಾಸ್ಟರ್. ಅವನು ಎಲ್ಲಿ ಕೂರ್ತಾನೆ ಅಂತ ಗೊತ್ತಾದ್ರೆ ಸಾಕು."

ಇದು ಎಪ್ಪತ್ತೊಂದನೆಯ ಇಸವಿಯ ಶರತ್ಕಾಲದ ಮಾತು. ಭಾನುವಾರ ಹಂಚುವ ವಾರದ ಹಾಳೆಯನ್ನು ಆಗ ನಾನು ಸಿದ್ಧಪಡಿಸುತ್ತಿದ್ದೆ. ಶನಿವಾರ ಬೆಳಗ್ಗೆ ಸಭೆಯ ಕಚೇರಿಯಲ್ಲಿ ಸ್ಟೆನ್ಸಿಲ್ಲಿನ ಮೇಲೆ ಟೈಪು ಮಾಡಿ, ಯಂತ್ರದ ಹಿಡಿ ತಿರುಗಿಸಿ, ನೂರಿಪ್ಪತ್ತು ಪ್ರತಿ ತೆಗೆಯುವುದು. "ಪ್ರಾರ್ಥನೆಗಾಗಿ" ಎಂಬ ತಲೆಬರಹದ ಕೆಳಗೆ ಊರಿನ ಮುರಿದ ಮೂಳೆಗಳು, ಹೆರಿಗೆಗಳು, ಕೆಮ್ಮುಗಳು ಬರುತ್ತಿದ್ದವು, ವಾಸಿಯಾಗಿ ಹೋಗುತ್ತಿದ್ದವು. "ಕೊರ್ನೀಲಿಯಸ್ ತೀಸನ್ ಒಳಗೆ ಬರುವಂತೆ" ಎಂಬ ಸಾಲು ಮಾತ್ರ ಹೋಗುತ್ತಿರಲಿಲ್ಲ. ಒಂಬತ್ತು ವರ್ಷ ಅದನ್ನು ನಾನು ಟೈಪು ಮಾಡಿದ್ದೆ. ನವೆಂಬರಿನ ಒಂದು ಶನಿವಾರ ಅದನ್ನು ಬಿಟ್ಟುಬಿಟ್ಟೆ. ಸುಗ್ಗಿಯ ಊಟದ ಪ್ರಕಟಣೆ ಉದ್ದವಾಗಿ ಜಾಗ ಸಾಲಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ಸಾಲನ್ನು ಕಂಡರೆ ನನಗೆ ರೇಗುತ್ತಿತ್ತು. ಉತ್ತರ ಬಾರದ ಪತ್ರವೊಂದನ್ನು ವಾರವಾರವೂ ಅದೇ ವಿಳಾಸಕ್ಕೆ ಬರೆಯುವ ಗುಮಾಸ್ತೆಯ ಕೆಲಸ ನನ್ನದಾಗಿತ್ತು.

ಸೋಮವಾರ ನಾನು ಕಚೇರಿಯ ಬೀಗ ತೆಗೆಯುವ ಮೊದಲೇ ನೇತತ್ತೆ ಅಲ್ಲಿ ನಿಂತಿದ್ದಳು.

"ಲೆಯೋನಾ, ಅವನು ಒಳಗೆ ಬಂದ್ನಾ?"

"ಯಾರು ಅತ್ತೆ?"

"ನಿನ್ನೆ ಹಾಳೇಲಿ ಹೆಸರಿಲ್ಲ. ಅಂದ್ಮೇಲೆ ಬಂದಿರ್ಬೇಕು. ಊರಿಗೆಲ್ಲ ಗೊತ್ತು, ಕಟ್ಟಿಕೊಂಡೋಳಿಗೆ ಮಾತ್ರ ಯಾರೂ ಹೇಳಿಲ್ಲ."

"ಜಾಗ ಸಾಲ್ಲಿಲ್ಲ ಅತ್ತೆ. ಸುಗ್ಗಿ ಊಟದ ಪ್ರಕಟಣೆ..."

"ಆಲೂಗೆಡ್ಡೆ ಸಲಾಡ್ ಯಾರ್‍ಯಾರು ತರ್ಬೇಕು ಅಂತ ನಾಲ್ಕು ಸಾಲು ಹೊಡೆದಿದೀಯ. ಆಲೂಗೆಡ್ಡೆಗೆ ಜಾಗ ಇದೆ, ನನ್ನ ಗಂಡಂಗಿಲ್ಲ."

ನನಗೂ ಸಿಟ್ಟು ಬಂತು. "ಇಪ್ಪತ್ತೇಳು ವರ್ಷ ಆಯ್ತಲ್ಲ ಅತ್ತೆ! ಇನ್ನೂ ಎಷ್ಟು ಸಲ ಕೇಳೋದು?"

"ಇಪ್ಪತ್ತಾರು," ಎಂದಳು ಅವಳು, ಮೂಗಿನ ತುದಿ ಕೆಂಪಾಗಿ. "ನಾನು ಕೇಳಕ್ಕೆ ಶುರು ಮಾಡಿದ್ದು ಜನವರೀಲಿ, ಇಪ್ಪತ್ತೇಳಕ್ಕೆ ಇನ್ನೂ ಎರಡು ತಿಂಗಳಿದೆ. ದೇವರ ಮೇಲೆ ಇಲ್ಲದ್ದೆಲ್ಲ ಹೊರಿಸ್ಬೇಡ. ಹಳೇ ಪುಸ್ತಕ ಅಲ್ಲೇ ಇದ್ಯಲ್ಲ, ತೆಗೆದು ನೋಡು."

ಪ್ರಾರ್ಥನಾ ಕೂಟದ ಹಳೆಯ ದಾಖಲೆಗಳು ಕಬ್ಬಿಣದ ಬೀರುವಿನಲ್ಲಿದ್ದವು. ನಾನು ಬೀಗದ ಕೈ ಹುಡುಕಿ, ಬಾಗಿಲು ತೆರೆದು, ಸರಿಯಾದ ಇಸವಿಯನ್ನು ಅರಸುತ್ತಿದ್ದೆ. ಅಷ್ಟು ಹೊತ್ತು ಅವಳಿಂದ ನಿಲ್ಲಲಾದೀತೆ? ನನ್ನ ತೋಳಿನ ಕೆಳಗಿಂದ ಕೈ ಹಾಕಿ ಸಿಕ್ಕಿದ್ದನ್ನು ಎಳೆದುಕೊಂಡು ಮೇಜಿನ ಮೇಲೆ ಕುಕ್ಕಿದಳು. ಅದು ಬೇರೆಯೇ ಪುಸ್ತಕ, ಸದಸ್ಯರದು. ತೀಸನ್ ಕುಟುಂಬದ ಪುಟ ತೆರೆದುಕೊಂಡಿತು.

ಪೀಟರ್ ತೀಸನ್ ಎಂಬ ಹೆಸರಿನ ಮೇಲೆ ಕಪ್ಪು ಶಾಯಿಯ ಗೆರೆ. ಅಂಚಿನಲ್ಲಿ ಅಜ್ಜಂದಿರ ಕಾಲದ ಜರ್ಮನ್ ಅಕ್ಷರದಲ್ಲಿ ಎರಡೇ ಮಾತು: ಆಯುಧ ಹಿಡಿದನು, ಹೊರಗಿಡಲಾಯಿತು. ಅದರ ಕೆಳಗೆ ಡೇವಿಡ್ ಹೀಬರ್ಟರ ರುಜು. ಮುಂದಿನ ಸಾಲಿನಲ್ಲಿ ಕೊರ್ನೀಲಿಯಸ್ ತೀಸನ್. ಅವನ ಹೆಸರನ್ನು ಯಾರೂ ಹೊಡೆದಿರಲಿಲ್ಲ.

ಗೆರೆಯ ಸಂಗತಿ ಅವಳಿಗೆ ಗೊತ್ತಿತ್ತು. ಕಣ್ಣಾರೆ ಕಂಡಿರಲಿಲ್ಲ. ನನ್ನ ಅರಿವಿನಲ್ಲಿ ಮೊದಲ ಸಲ ನೇತತ್ತೆ ನಿಶ್ಚಲಳಾಗಿ ನಿಂತದ್ದನ್ನು ನೋಡಿದೆ. ಬೆರಳಿನಿಂದ ಆ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು.

"ಅಪ್ಪ ಸ್ಕೇಲಿಟ್ಟು ಎಳೆದಿದಾನೆ," ಎಂದಳು. "ಕೈ ನಡುಗಿದ್ದು ಕಾಣಬಾರ್ದು ಅಂತ."

ಗಂಡನ ಮನಸ್ಸು ತಿರುಗಲಿ ಎಂದು ಬೇಡಿದ್ದವಳು, ತಿರುಗಬೇಕಾದದ್ದು ಈ ಪುಟವೂ ಇರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವಳ ಜೊತೆಗೆ ಬೇಡಿದ್ದ ನಾವೂ ಯೋಚಿಸಿರಲಿಲ್ಲ. ಅವಳು ಪುಸ್ತಕವನ್ನು ಪಟ್ಟೆಂದು ಮುಚ್ಚಿದಳು.

"ಥೂ, ಇದನ್ನ ಮೊದಲೇ ಹೇಳ್ಬಾರ್ದಾಗಿತ್ತಾ?"

"ಯಾರಿಗೆ ಅಂತಿದೀಯ ಅತ್ತೆ? ನಂಗಾ?"

ಅವಳು ಗಲ್ಲವೆತ್ತಿ ಮಾಡಿನ ಕಡೆಗೆ ತೋರಿಸಿ, ಕೋಟನ್ನು ಮುಷ್ಟಿಯಲ್ಲಿ ಹಿಡಿದು ಹೊರಟುಹೋದಳು. ಮುಂದಿನ ಹಾಳೆಯಲ್ಲಿ ಆ ಸಾಲನ್ನು ನಾನು ಮತ್ತೆ ಹಾಕಿದೆ.

ಸದಸ್ಯರ ವಾರ್ಷಿಕ ಕೂಟ ಜನವರಿಯಲ್ಲಿ. ಹೆಂಗಸರಿಗೆ ಅಲ್ಲಿ ಕೈಯೆತ್ತುವ ಹಕ್ಕು ಬಂದು ನಾಲ್ಕು ವರ್ಷವಾಗಿತ್ತು, ಬಾಯಿ ತೆರೆಯುವ ರೂಢಿ ಇನ್ನೂ ಬಂದಿರಲಿಲ್ಲ. ನೇತತ್ತೆ ಎದ್ದು ನಿಂತು, ಪೀಟರನ ಹೆಸರನ್ನು ಮತ್ತೆ ಬರೆಯಬೇಕು, ಅವನಿಗಾಗಿ ಅಂದು ಮಾಡದ ಪ್ರಾರ್ಥನೆಯನ್ನು ಇಂದು ಮಾಡಬೇಕು ಎಂದು ಎರಡು ವಾಕ್ಯದಲ್ಲಿ ಹೇಳಿ ಕೂತಳು. ಕೂಟ ನಡೆಸುತ್ತಿದ್ದ ಹಿರಿಯ ಯಾಕೋಬ್ ಎನ್ಸ್ ಮೃದು ಮಾತಿನ ಮನುಷ್ಯ. ಹಸು ಈಯುವಾಗಲೂ ದನಿ ಎತ್ತಿದವನಲ್ಲ.

"ನೇತಾ, ಇದು ಭಾರವಾದ ವಿಷಯ. ಇದಕ್ಕಾಗಿ ಪ್ರಾರ್ಥನೆ ಮಾಡೋಣ. ದೇವರು ದಾರಿ ತೋರಿಸೋವರೆಗೆ ಕಾಯೋಣ. ಬರೋ ವರ್ಷದ ಕೂಟದಲ್ಲಿ..."

"ಯಾಕೋಬ್," ಎಂದು ಅವಳು ಮತ್ತೆ ಎದ್ದಳು, "ದೇವರಿಗೆ ಬೇಕಾದ್ರೆ ಕಾಯ್ತೀನಿ. ಅಭ್ಯಾಸ ಆಗಿಹೋಗಿದೆ. ನಿಂಗೆ ಕಾಯಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿದರು. ಎನ್ಸ್ ನಗಲಿಲ್ಲ. "ಅದು ನಿನ್ನ ತಂದೆಯ ಕೈಬರಹ ಕಣಮ್ಮ," ಎಂದ, ನೋಯಿಸಲೆಂದಲ್ಲ.

"ಅದಕ್ಕೇ ನಾನು ಎದ್ದಿರೋದು. ನಿಮ್ಮಪ್ಪಂದಾಗಿದ್ರೆ ನೀನು ಏಳ್ಬೇಕಾಗಿತ್ತು. ಪೀಟರ್ ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ. ತಪ್ಪು ಮಾಡಿದೋರ ಹೆಸರೆಲ್ಲ ಹೊಡೀತಾ ಹೋದ್ರೆ ಆ ಪುಸ್ತಕದಲ್ಲಿ ಉಳಿಯೋದು ರಟ್ಟು ಮಾತ್ರ."

ಕೈಗಳು ಎದ್ದವು. ಬೇಕೆಂದವರು ನಲವತ್ತೊಂದು, ಬೇಡವೆಂದವರು ಇಪ್ಪತ್ತಮೂರು. ಎನ್ಸನ ಕೈ ಕೊನೆಯದಾಗಿ, ಬಹಳ ನಿಧಾನವಾಗಿ, ಬೇಕೆಂದವರ ಕಡೆಗೆ ಎದ್ದಿತು.

ಮುಂದಿನ ಭಾನುವಾರ ಪಾಸ್ಟರು ಪೀಟರ್ ತೀಸನ್ ಎಂಬ ಹೆಸರನ್ನು ಪೀಠದಿಂದ ಓದುವ ಹೊತ್ತಿಗೆ ನೇತತ್ತೆ ಬೆಂಚಿನಲ್ಲಿರಲಿಲ್ಲ. ಗಾಯಕರ ಸಾಲಿನಲ್ಲಿ ಕಿಟಕಿಯ ಪಕ್ಕ ನಿಂತಿದ್ದ ನನಗೆ ಹೊರಗಿನದು ಕಾಣುತ್ತಿತ್ತು: ಹಿಮದಲ್ಲಿ ಹಸಿರು ಕೋಟು ಓಡುತ್ತಿತ್ತು, ಟ್ರಕ್ಕಿನ ಗಾಜನ್ನು ಗುದ್ದುತ್ತಿತ್ತು, ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು. ಏನು ಮಾತಾಯಿತೆಂಬುದನ್ನು ಅವಳು ಆಮೇಲೆ ಹೇಳಿದಳು.

"ಒಳಗೆ ಪೀಟರ್ ಹೆಸರು ಓದ್ತಿದಾರೆ. ಇಳಿ."

"ಯಾರು ಓದಿಸಿದ್ದು?"

"ನಾನು."

"ನಿಮ್ಮಪ್ಪ ಒಪ್ಪಿದ್ನಾ?"

"ಸತ್ತು ಹದಿಮೂರು ವರ್ಷ ಆಯ್ತು. ಅವನನ್ನ ಕೇಳಕ್ಕೆ ಹೋಗ್ಲಿಲ್ಲ."

ಕೊರ್ನೀ ಮಾವ ಬಾಯಲ್ಲಿದ್ದ ಬೀಜವನ್ನು ಒಡೆದು, ಸಿಪ್ಪೆ ಉಗಿದ.

"ಯೋಚನೆ ಮಾಡ್ತೀನಿ," ಎಂದ.

ಅವಳು ಒಬ್ಬಳೇ ಒಳಗೆ ಬಂದಳು. ಸಭೆಯೆಲ್ಲ ಅವಳ ಹಿಂದೆ ಇನ್ನೊಬ್ಬರನ್ನು ಹುಡುಕುತ್ತಿತ್ತು. ಅವಳು ಕೂತ ರಭಸಕ್ಕೆ ಬೆಂಚು ಕಿರುಗುಟ್ಟಿತು. ಆ ಬುಧವಾರ ಅವಳ ಪ್ರಾರ್ಥನೆಯಲ್ಲಿ ಕಣ್ಣೀರಿದ್ದರೂ ಅದು ಸಿಟ್ಟಿನದು. "ಕರ್ತನೇ, ಯೋಚನೆ ಮಾಡ್ತಾನಂತೆ! ಇಷ್ಟು ವರ್ಷ ಅಲ್ಲಿ ಕೂತು ಮಾಡ್ತಿದ್ದಿದ್ದಾದ್ರೂ ಏನು?"

ಆ ಶನಿವಾರ ಅವಳು ಕಚೇರಿಗೆ ಬಂದಳು. "ಅವನ ಸಾಲು ತೆಗಿ," ಎಂದಳು. "ನನ್ನ ಹೆಸರು ಹಾಕು. ಅಗನೇತಾ ತೀಸನ್ ಬಾಯಿ ಮುಚ್ಕೊಂಡಿರೋ ಹಾಗೆ ಅಂತ."

"ಹಾಗೆಲ್ಲ ಟೈಪ್ ಮಾಡಕ್ಕಾಗಲ್ಲ ಅತ್ತೆ."

"ಮತ್ತೆ ಹೆಂಗಾಗತ್ತೋ ಹಂಗೆ ಮಾಡು. ಇನ್ನೊಂದ್ಸಲ ಕರೆದ್ರೆ ಅವನು ನನಗೋಸ್ಕರ ಬರ್ತಾನೆ. ಹಂಗೆ ಬರೋದು ಬೇಡ."

"ಅಗನೇತಾ ತೀಸನ್ ಅವರ ತಾಳ್ಮೆಗಾಗಿ" ಎಂದು ಅಚ್ಚು ಮಾಡಿದೆ. ನಮ್ಮ ಸಭೆ ಅಷ್ಟು ಮನಃಪೂರ್ವಕವಾಗಿ ಇನ್ನಾವುದಕ್ಕೂ ಪ್ರಾರ್ಥಿಸಿದ್ದಿಲ್ಲ.

ಆ ವಾರಗಳಲ್ಲಿ, ಭಾನುವಾರ ಮಧ್ಯಾಹ್ನದ ಕಾಫಿ, ಬನ್ನು, ತಣ್ಣನೆಯ ಸಾಸೇಜಿನ ಫಾಸ್ಪಾ ಎಂಬ ಉಪಾಹಾರಕ್ಕೆ ಅವರ ಮನೆಗೆ ಹೋದಾಗಲೆಲ್ಲ ಅವಳ ಯಾತನೆ ಕಣ್ಣಿಗೆ ಕಾಣುತ್ತಿತ್ತು. ಗಂಡನ ಕಡೆ ತಿರುಗಿ ಬಾಯಿ ತೆರೆಯುವಳು. ತೆರೆದ ಬಾಯಿಗೆ ಬನ್ನು ತುರುಕಿಕೊಳ್ಳುವಳು. ಅವನು ಹವೆಯ ಬಗ್ಗೆ ಮಾತಾಡುವನು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎನ್ನುವನು. ಆಗ ಅವಳು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವಳು. ಹತ್ತು ವಾರ ಹೀಗೆ ಕಳೆಯಿತು. ಅವನ ತುಟಿಗಳ ಬಣ್ಣ ನೀಲಿಗೆ ತಿರುಗುತ್ತಿತ್ತು.

ಏಪ್ರಿಲಿನ ಮೊದಲ ವಾರಗಳಲ್ಲಿ ಒಂದು ಭಾನುವಾರ, ಹಿಮ ಕರಗಿ ಅಂಗಳವೆಲ್ಲ ಕೆಸರಾಗಿದ್ದಾಗ, ಪ್ರಸಂಗ ಆಗಷ್ಟೇ ಶುರುವಾಗಿತ್ತು. ಹೊರಬಾಗಿಲು ತೆರೆದ ಸದ್ದಾಯಿತು. ಬೂಟಿನ ಕೆಸರನ್ನು ಚಾಪೆಗೆ ಬಹಳ ಹೊತ್ತು ಒರೆಸಿಕೊಂಡ ಸದ್ದು. ಆಮೇಲೆ ಒಂದು ಕೆಮ್ಮು. ಕೊರ್ನೀ ಮಾವ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದು, ಕೊನೆಯ ಬೆಂಚಿನ ತುದಿಯಲ್ಲಿ ಕೂತ. ಗಾಳಿ ಬೀಸಿದ ಹೊಲದಂತೆ ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. ಪಾಸ್ಟರು ಓದುತ್ತಿದ್ದ ಸಾಲನ್ನು ಕಳೆದುಕೊಂಡು ಪುಟಗಳನ್ನು ಮಗುಚಿದರು.

ಒಂದು ತಲೆ ಮಾತ್ರ ತಿರುಗಲಿಲ್ಲ. ಆ ಕೆಮ್ಮು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಾಯಕರ ಸಾಲಿನಿಂದ ಅವಳ ಮುಖ ನನಗೆ ನೇರವಾಗಿ ಕಾಣುತ್ತಿತ್ತು. ಕತ್ತಿನ ನರ ಹಗ್ಗದಂತೆ ಬಿಗಿದಿತ್ತು, ಸ್ತೋತ್ರದ ಪುಸ್ತಕವನ್ನು ಹಿಡಿದ ಬೆರಳುಗಳು ಬಿಳಿಚಿದ್ದವು. ಬನ್ನು ಆರುವವರೆಗೆ ಕಾಯಲಾರದ, ಕ್ಯಾರೆಟ್ಟು ಬೆಳೆಯುವವರೆಗೆ ಕಾಯಲಾರದ ಆ ಹೆಂಗಸು ಮೂವತ್ತೈದು ನಿಮಿಷ ಪಾಸ್ಟರ ಮುಖವನ್ನೇ ನೋಡುತ್ತ ಕೂತಳು.

"ಹೆಂಗೆ ತಡ್ಕೊಂಡೆ ಅತ್ತೆ?" ಎಂದು ಕೇಳಿದೆ ಆಮೇಲೆ.

"ಜಿಂಕೆ ಅಂಗಳಕ್ಕೆ ಬಂದಾಗ ಯಾರಾದ್ರೂ ಬಾಗಿಲು ತೆಗೀತಾರಾ?" ಎಂದಳು. "ಆದ್ರೆ ಆ ಪಾಸ್ಟರ್, ಅವತ್ತಾದ್ರೂ ಚಿಕ್ಕದಾಗಿ ಮುಗಿಸ್ಬಾರ್ದಾಗಿತ್ತಾ?"

ಕೊರ್ನೀ ಮಾವ ಹತ್ತೊಂಬತ್ತು ಭಾನುವಾರ ಒಳಗೆ ಕೂತ. ಮೂರನೆಯ ವಾರದಿಂದ ಅವಳ ಪಕ್ಕದಲ್ಲಿ. ಗೋಧಿ ಬಣ್ಣ ತಿರುಗಿದ ಆಗಸ್ಟಿನಲ್ಲಿ, ಕೊಯ್ಲಿಗೆ ಮುನ್ನ, ಅವನ ಎದೆಬಡಿತ ನಿಂತಿತು. ಮಣ್ಣು ಮಾಡಿ ಬಂದ ದಿನ ಸಮಾಧಾನ ಹೇಳಲೆಂದು ಪಾಸ್ಟರು, "ಹತ್ತೊಂಬತ್ತು ವಾರ ಸಿಕ್ತಲ್ಲ ನೇತಾ, ದೇವರಿಗೆ ಸ್ತೋತ್ರ," ಎಂದರು.

"ಸ್ತೋತ್ರಾನೇ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ಆದ್ರೂ ಇಪ್ಪತ್ತು ಮಾಡಕ್ಕೆ ಅವನಿಗೇನು ಕಷ್ಟ ಆಗ್ತಿತ್ತು?" ಯಾರನ್ನು ಕುರಿತು ಹೇಳಿದಳೆಂದು ಪಾಸ್ಟರು ಕೇಳಲಿಲ್ಲ.

ಸ್ವಭಾವದಿಂದಲೇ ಶಾಂತರಾದವರನ್ನು ನಾವು ತಾಳ್ಮೆಯವರೆಂದು ಕೊಂಡಾಡುತ್ತೇವೆ. ಹತ್ತಿರದಿಂದ ನೋಡಿದರೆ ಅವರಲ್ಲಿ ಅನೇಕರು ಕಾಯುತ್ತಲೇ ಇರುವುದಿಲ್ಲ. ಬೇಡಿದ್ದನ್ನು ಎಂದೋ ಮರೆತು, ಆ ಮರೆವಿಗೇ ಭಕ್ತಿಯೆಂದು ಹೆಸರಿಟ್ಟುಕೊಂಡು ನೆಮ್ಮದಿಯಾಗಿರುತ್ತಾರೆ. ನಾನು ಅವರಲ್ಲೊಬ್ಬಳು. ನೇತತ್ತೆಯಂಥವರಿಗೆ ಆ ನೆಮ್ಮದಿ ಇಲ್ಲ. ಅವರು ಗೊಣಗುತ್ತಾರೆ, ಜಗಳ ತೆಗೆಯುತ್ತಾರೆ, ದೇವರ ಅಂಗಿ ಹಿಡಿದು ಜಗ್ಗುತ್ತಾರೆ, ಪಕ್ಕದಲ್ಲಿರುವವರ ಪ್ರಾಣ ಹಿಂಡುತ್ತಾರೆ. ಆದರೆ ಕೇಳಿದ್ದನ್ನು ಒಂದು ದಿನವೂ ಮರೆಯುವುದಿಲ್ಲ. ಕಾಯುವ ಕೆಲಸಕ್ಕೆ ಕಾಯಲು ಬಾರದವರನ್ನೇ ಆರಿಸುವವನಿಗೆ ತನ್ನದೇ ಲೆಕ್ಕಾಚಾರವಿರಬಹುದು. ಒಂದೊಂದು ದಿನವೂ ನೋಯುವವರು ಮಾತ್ರ ನಿಜಕ್ಕೂ ಕಾದಿರುತ್ತಾರೆ. ನಮ್ಮಂಥವರಿಗೆ ಕಾಲ ಸುಮ್ಮನೆ ಸರಿದಿರುತ್ತದೆ.